ಕೈ ಕೊಟ್ಟವರು

ಆರು ಸೀಸನ್ ನಾನು ಒಂದೇ ಫುಟ್‌ಬಾಲ್ ಕ್ಲಬ್ಬಿನಲ್ಲಿದ್ದೆ. ಅದರಲ್ಲಿ ಐದು ಸೀಸನ್ ಬೆಂಚಿನ ಮೇಲೆ ಕಳೆದವು. ಎರಡನೆಯ ಗೋಲ್‌ಕೀಪರ್ ಅಂದರೆ ಹಾಗೇ. ಫಾರ್ವರ್ಡ್ ಸುಸ್ತಾದರೆ ಬದಲಿಯನ್ನು ಇಳಿಸುತ್ತಾರೆ. ಗೋಲ್‌ಕೀಪರನ ಕೈಯೋ ಕಾಲೋ ಉಳುಕಿದರೆ ಮಾತ್ರ ಇನ್ನೊಬ್ಬನಿದ್ದಾನೆ ಅನ್ನುವುದು ನೆನಪಾಗುತ್ತದೆ.

ನಮ್ಮದು ಈ ಊರಿನ ಹತ್ತಾರು ಕ್ಲಬ್ಬುಗಳಲ್ಲಿ ಒಂದು, ದೊಡ್ಡದೇನಲ್ಲ. ಆದರೂ ಪಂದ್ಯದ ದಿನ ನಮ್ಮ ಜರ್ಸಿ ತೊಟ್ಟವರು ಮೆಟ್ರೋದಲ್ಲಿ ಕಾಣುತ್ತಿದ್ದರು. ಒಮ್ಮೆ ಪಂದ್ಯ ಮುಗಿಸಿ ವಿಜಯನಗರಕ್ಕೆ ವಾಪಸ್ಸಾಗುತ್ತಿದ್ದಾಗ ಅಂಥವರೊಬ್ಬರು ನನ್ನ ಪಕ್ಕದಲ್ಲೇ ನಿಂತು ಗೆಳೆಯನೊಂದಿಗೆ ಅಂದಿನ ಆಟವನ್ನು ಪೂರ್ತಿ ಚರ್ಚಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಸಾರ್, ಸ್ವಲ್ಪ ಬ್ಯಾಗ್ ಪಕ್ಕಕ್ಕೆ ತೆಗೀತೀರಾ ಎಂದರು. ತೆಗೆದೆ. ಆ ಬ್ಯಾಗಿನಲ್ಲಿ ನನ್ನ ಗ್ಲೌಸು ಇದ್ದವು. ಬೆಳಿಗ್ಗೆ ಅಮ್ಮ ಪೂಜೆ ಮುಗಿಸಿ ಅವಕ್ಕೂ ಒಂದಿಷ್ಟು ವಿಭೂತಿ ಹಚ್ಚಿದ್ದಳು. ಒದ್ದೆಯಾಗದ ಗ್ಲೌಸು, ವಿಭೂತಿ ಹಾಗೇ ಇತ್ತು.

ಮೊದಲನೆಯ ಗೋಲ್‌ಕೀಪರ್ ಕೇರಳದವರು, ನನಗಿಂತ ಏಳು ವರ್ಷ ದೊಡ್ಡವರು. ಅವರ ಭಾಷೆಯಲ್ಲಿ ಅಣ್ಣ ಅನ್ನುವುದಕ್ಕಿರುವ ಮಾತಿನಂತೆ ನಾನು ಅವರನ್ನು ಚೇಟಾ ಎಂದೇ ಕರೆಯುತ್ತಿದ್ದೆ. ಬಸವೇಶ್ವರನಗರದಲ್ಲಿ ಬಾಡಿಗೆಗಿದ್ದು, ಮನೆ ಓನರ್ ಅಜ್ಜಿಯಿಂದ ಕನ್ನಡ ಕಲಿತಿದ್ದರು. ಉಳಿದ ಆಟಗಾರರೆಲ್ಲ ಮೈದಾನದ ನಡುವೆ ಓಡುತ್ತಿದ್ದರೆ ಗೋಲ್‌ಕೀಪರುಗಳದು ಮೂಲೆಯಲ್ಲಿ ಬೇರೆಯೇ ಅಭ್ಯಾಸ. ಹಾಗಾಗಿ ಐದು ವರ್ಷ ದಿನವೂ ನಾವಿಬ್ಬರೇ. ಅವರು ನನ್ನತ್ತ ಚೆಂಡು ಒದೆಯುತ್ತಿದ್ದರು, ನಾನು ಅವರತ್ತ. ನನ್ನ ಜಾಗದಲ್ಲಿ ಆಡುವವರೇ ನನಗೆ ಎಲ್ಲವನ್ನೂ ಕಲಿಸಿದರು.

ಐದನೆಯ ಸೀಸನ್ನಿನ ಕೊನೆಗೆ ಗೋವಾದ ಕ್ಲಬ್ಬೊಂದು ನನ್ನನ್ನು ಕರೆಯಿತು. ಬೆಂಚಿಗಲ್ಲ, ಗೋಲ್‌ಪೋಸ್ಟಿಗೆ. ಚೇಟಾಗೆ ಹೇಳಿದೆ.

"ಹೋಗು ಕಣೋ," ಎಂದರು. "ನಾನಿರೋವರ್ಗೂ ಇಲ್ಲಿ ನಿಂಗೆ ಆಟ ಇಲ್ಲ."

ಇದು ನನ್ನೂರಿನ ಟೀಮು, ಬಿಟ್ಟು ಹೋಗೋಕೆ ಮನಸ್ಸಿಲ್ಲ ಎಂದೆ. ಅವರು ಬೆರಳಿಗೆ ಸುತ್ತಿದ್ದ ಟೇಪನ್ನು ಬಿಚ್ಚತೊಡಗಿದರು.

"ಟೀಮಿಗೆ ಅದು ಗೊತ್ತಾ?"

ಗೋವಾದವರಿಗೆ ಬರುವುದಿಲ್ಲ ಎಂದು ತಿಳಿಸಿದೆ. ಮ್ಯಾನೇಜರ್ ನನ್ನ ಹೆಗಲು ತಟ್ಟಿ, ನೀನು ನಮ್ಮ ಮನೆ ಮಗ ಎಂದರು. ಒಂದು ವಾರ ಆ ಮಾತಿನ ಗುಂಗಿನಲ್ಲೇ ಓಡಾಡಿದೆ.

ತಿಂಗಳು ಕಳೆಯುವುದರೊಳಗೆ ಚೇಟಾ ಕ್ಲಬ್ ಬಿಟ್ಟರು. ನನಗೆ ಗೊತ್ತಾದದ್ದು ಫೋನಿನಲ್ಲಿ ಬಂದ ಫೋಟೋದಿಂದ: ನಮ್ಮ ಬದ್ಧ ಎದುರಾಳಿಗಳ ಶಾಲನ್ನು ಕೊರಳಿಗೆ ಹಾಕಿಕೊಂಡು ನಿಂತಿದ್ದರು. ನಮ್ಮ ಕ್ಲಬ್ ಅವರ ಹೆಸರಿನಲ್ಲಿ ನಾಲ್ಕು ಸಾಲು ಹಾಕಿತ್ತು. ಹೊಸ ಸವಾಲು ಹುಡುಕಿಕೊಂಡು ಹೊರಟಿದ್ದೇನೆ, ಇದು ನನ್ನದೇ ನಿರ್ಧಾರ ಎಂದಿತ್ತು. ಕೆಳಗೆ ಅಭಿಮಾನಿಗಳು ಮನಸ್ಸಿಗೆ ಬಂದಂತೆ ಬರೆದಿದ್ದರು. ಕೈ ಕೊಟ್ಟ ಎಂದು ಒಬ್ಬ ಬರೆದಿದ್ದಕ್ಕೆ ನಾನೂ ಲೈಕ್ ಒತ್ತಿದೆ. ಅವತ್ತು ಚೇಟಾ ಎರಡು ಸಲ ಫೋನ್ ಮಾಡಿದರು. ಎತ್ತಲಿಲ್ಲ.

ಆ ಸೀಸನ್ ಪೂರ್ತಿ ನಾನೇ ಆಡಿದೆ. ಚೆನ್ನಾಗಿಯೇ ಆಡಿದೆ. ಚೇಟಾ ಅವರ ಹೊಸ ತಂಡ ನಮ್ಮ ಮೈದಾನಕ್ಕೆ ಬಂದ ದಿನ ಅವರ ಕಾಲಿಗೆ ಚೆಂಡು ಬಂದಾಗಲೆಲ್ಲ ಜನ ಕೂಗಿ ಹಂಗಿಸುತ್ತಿದ್ದರು. ಪಂದ್ಯ ಗೋಲಿಲ್ಲದೆ ಮುಗಿಯಿತು. ಮುಗಿದ ಮೇಲೆ ಎರಡೂ ಕಡೆಯ ಗೋಲ್‌ಕೀಪರುಗಳು ಮೈದಾನದ ನಡುವಿಗೆ ನಡೆದು ಬಂದು ಕೈ ಕುಲುಕುವುದು ವಾಡಿಕೆ. ಅವರು ಬಂದರು. ಕೈ ಚಾಚಿದರು. ನಾನು ಪಕ್ಕದಿಂದ ಹಾದು ನಮ್ಮ ಅಭಿಮಾನಿಗಳತ್ತ ಹೋಗಿ ಎದೆಯ ಮೇಲಿನ ಲಾಂಛನ ತಟ್ಟಿ ತೋರಿಸಿದೆ. ಜನ ಜೋರಾಗಿ ನನ್ನ ಹೆಸರು ಕೂಗಿದರು. ಆರು ವರ್ಷದಲ್ಲಿ ಮೊದಲ ಸಲ ಅದನ್ನು ಕೇಳಿದ್ದೆ. ತಿರುಗಿ ನೋಡಿದಾಗ ಚೇಟಾ ಇನ್ನೂ ಅಲ್ಲೇ ಬಗ್ಗಿ, ಸರಿಯಾಗಿಯೇ ಇದ್ದ ಕಾಲುಚೀಲವನ್ನು ಸರಿಮಾಡಿಕೊಳ್ಳುತ್ತಿದ್ದರು.

ಸೀಸನ್ ಮುಗಿದ ವಾರ ಮ್ಯಾನೇಜರ್ ನನ್ನನ್ನು ಆಫೀಸಿಗೆ ಕರೆಸಿದರು. ಟೀ ತರಿಸಿದರು. ಹೊಸ ಕೋಚ್ ಬರುತ್ತಿದ್ದಾರೆ, ತಮ್ಮ ಗೋಲ್‌ಕೀಪರನ್ನು ಜೊತೆಗೇ ಕರೆತರುತ್ತಾರೆ, ಇನ್ನೊಬ್ಬ ಎಳೆಯನನ್ನು ಬೆಂಚಿಗೆ ಇಟ್ಟುಕೊಳ್ಳುತ್ತಾರೆ ಎಂದು ವಿವರಿಸಿದರು. ಆಮೇಲೆ ಒಂದು ಹಾಳೆಯನ್ನು ನನ್ನತ್ತ ತಳ್ಳಿದರು. ನೀನೇ ಹೊರಟೆ ಅಂತ ಹಾಕೋಣ, ಇಬ್ಬರಿಗೂ ಮರ್ಯಾದೆ ಎಂದರು. ಓದಿದೆ. ಹೊಸ ಸವಾಲು ಹುಡುಕಿಕೊಂಡು ಹೊರಟಿದ್ದೇನೆ, ಇದು ನನ್ನದೇ ನಿರ್ಧಾರ.

"ಚೇಟಾಗೂ ಇದನ್ನೇ ಕೊಟ್ಟಿದ್ರಾ ಸಾರ್?"

ಅದೆಲ್ಲ ಹಳೇ ವಿಷಯ ಎಂದು ಅವರು ಟೀ ಕಪ್ಪನ್ನು ಎತ್ತಿಕೊಂಡರು.

ಸಹಿ ಹಾಕಿದೆ. ಹಾಕದೆ ಇರಬಹುದಿತ್ತು ಎಂದು ಹೊಳೆದದ್ದು ವಿಜಯನಗರದಲ್ಲಿ ಮೆಟ್ರೋ ಮೆಟ್ಟಿಲು ಇಳಿಯುವಾಗ. ಮಾರೇನಹಳ್ಳಿಯ ಕಡೆ ಸುಮ್ಮನೆ ನಡೆದೆ. ಹಣ್ಣಿನ ಗಾಡಿಗಳು, ಬಸ್ಸುಗಳ ಹಾರ್ನ್, ತರಕಾರಿ ಚೀಲ ಹಿಡಿದ ಹೆಂಗಸರು. ಯಾರಿಗೂ ನಾನು ಯಾರೆಂದು ಗೊತ್ತಿರಲಿಲ್ಲ. ಅವತ್ತು ಅದೇ ಸಮಾಧಾನ ಅನ್ನಿಸಿತು.

ಚೇಟಾಗೆ ಫೋನ್ ಮಾಡಲು ಒಂಬತ್ತು ದಿನ ಬೇಕಾಯಿತು. ಮೊದಲನೇ ರಿಂಗಿಗೇ ಎತ್ತಿದರು. ನಡೆದದ್ದನ್ನೆಲ್ಲ ಹೇಳಿದೆ. ಅವರಿಗೆ ಆಶ್ಚರ್ಯವಾಗಲಿಲ್ಲ.

"ನಿಮ್ಮನ್ನೂ ಹಿಂಗೇ ಕಳಿಸಿದ್ರು ಅಂತ ನಂಗ್ಯಾಕೆ ಹೇಳ್ಲಿಲ್ಲ?"

"ಹೇಳೋಕೇ ಫೋನ್ ಮಾಡಿದ್ದೆ, ನೀನು ಎತ್ಲಿಲ್ಲ. ಆಮೇಲೆ ಟಿವಿಲಿ ನಿನ್ ಆಟ ನೋಡ್ದೆ. ಆ ಟೀಮು ನಿಂದು ಅಂದ್ಕೊಂಡೇ ನೀನು ಆಡ್ತಿದ್ದೆ. ಅದನ್ನ ಯಾಕೆ ಕೆಡಿಸ್ಲಿ ಅಂತ ಸುಮ್ನಾದೆ."

ಅವತ್ತು ಮೈದಾನದಲ್ಲಿ ನಾನು ನಡೆದುಕೊಂಡದ್ದರ ಬಗ್ಗೆ ಹೇಳಲು ಹೊರಟೆ. ಬಿಡು, ಬಿಡು ಎಂದು ಅವರೇ ಮಾತು ತಿರುಗಿಸಿ ಅಮ್ಮನ ಮಂಡಿನೋವು ವಿಚಾರಿಸಿದರು. ಅದೇ ವರ್ಷ ಅವರು ಆಡುವುದನ್ನು ನಿಲ್ಲಿಸಿ ಊರಿಗೆ ಹೋದರು. ಈಗ ಹಬ್ಬಕ್ಕೊಂದು ಮೆಸೇಜ್ ಬರುತ್ತದೆ, ನಾನೂ ಕಳಿಸುತ್ತೇನೆ. ಇಬ್ಬರೂ ಅದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ನಾನೀಗ ಕೆಂಗೇರಿ ಕಡೆಯ ಒಂದು ಸಣ್ಣ ತಂಡಕ್ಕೆ ಆಡುತ್ತಿದ್ದೇನೆ. ಪ್ರತಿ ವಾರ ಗೋಲಿನಲ್ಲಿ ನಾನೇ. ನೋಡುವವರು ಇಪ್ಪತ್ತು ಜನವೂ ಇರುವುದಿಲ್ಲ. ಚೆಂಡು ದೂರ ಹೋದಾಗ ನನ್ನ ಉಸಿರು ನನಗೇ ಕೇಳಿಸುತ್ತದೆ.

ಹೋದ ಭಾನುವಾರ ಸಂಜೆ ಹಳೆಯ ಕ್ಲಬ್ಬಿನ ಪಂದ್ಯ ಟಿವಿಯಲ್ಲಿತ್ತು. ನೋಡಬಾರದೆಂದುಕೊಂಡೇ ಹಾಕಿದೆ. ಅಮ್ಮ ಅಡುಗೆಮನೆಯಿಂದ ಬಂದು, ಯಾರು ಗೆಲ್ತಾ ಇದಾರೆ ಎಂದು ಕೇಳಿದಳು.

"ನಾವು," ಎಂದೆ.

ಅಮ್ಮ ನನ್ನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು. ಕೊನೆಯ ನಿಮಿಷಗಳಲ್ಲಿ ಎದುರಾಳಿ ಒದ್ದ ಚೆಂಡು ಎಡಮೂಲೆಗೆ ಹೊರಟಿತು. ನನಗೆ ಪರಿಚಯವೇ ಇಲ್ಲದ ಆ ಗೋಲ್‌ಕೀಪರ್ ಹಾರುವ ಮೊದಲೇ ನನ್ನ ಎಡಗೈ ಸೋಫಾದ ಮೇಲೆ ಚಾಚಿತ್ತು. ಅವನು ಹಿಡಿದ. ಸ್ಟೇಡಿಯಂ ಎದ್ದು ನಿಂತು ಕೂಗಿತು. ನಾನೂ ಎದ್ದು ನಿಂತಿದ್ದೆ, ನಡುಮನೆಯಲ್ಲಿ ಒಬ್ಬನೇ.