ದಡಿಸೀರೆಯ ಸೀಟು ಕವರು

ನಾನು ಐದನೇ ಇಯತ್ತೆಯಲ್ಲಿದ್ದ ಆ ದಿನಗಳಲ್ಲಿ ಇಳಕಲ್ಲಿನ ನಮ್ಮ ಓಣಿಗೆಲ್ಲ ಕಾರೆಂದರೆ ನಮ್ಮದೊಂದೇ, ಅದೂ ಸೆಕೆಂಡ್ ಹ್ಯಾಂಡು. ಅಪ್ಪ ಅದನ್ನು ತಂದ ದಿನ ಅವ್ವ ಒಳಗೆ ಇಣುಕಿ, ಸೀಟಿನ ಕಲೆಗಳನ್ನು ನೋಡಿ ಮೂಗು ಮುರಿದಳು. ಮರುದಿನವೇ ತನ್ನ ಹಳೆಯ ಇಳಕಲ್ ಸೀರೆಯೊಂದನ್ನು ಕತ್ತರಿಸಿ ಮಷಿನ್ನಿನ ಮುಂದೆ ಕುಳಿತಳು. ಕೆಂಪು ದಡಿ ಬೆನ್ನಿಗೆ ಬರುವಂತೆ ಹಿಂದಿನ ಸೀಟಿಗೆ ಕವರು ತಯಾರಾಯಿತು. ಬೆಲ್ಟ್ ಸಿಕ್ಕಿಸುವ ಬಕಲ್‌ಗಳು ಅಡ್ಡ ಬಂದವು. ಅವನ್ನು ಸೀಟಿನ ಸಂದಿಗೆ ತುರುಕಿ, ಮೇಲೆ ಬಟ್ಟೆ ಎಳೆದು ಹೊಲಿದುಬಿಟ್ಟಳು. ಓಣಿಯ ಹೆಂಗಸರೆಲ್ಲ ಬಂದು ನೋಡಿ ಹೊಗಳಿ ಹೋದರು.

ಮುಂದಿನ ಬೆಲ್ಟು ಮಾತ್ರ ನನಗೆ ಶಿಕ್ಷೆಯಾಗಿ ಉಳಿಯಿತು. ಹಿಂದೆ ಕೂತರೆ ನನಗೆ ವಾಂತಿ. ಮುಂದೆ ಕೂತರೆ ಕೈ ಸುಮ್ಮನಿರುತ್ತಿರಲಿಲ್ಲ. ಹಾರ್ನು, ಹಾಡಿನ ಗುಂಡಿ, ಗೇರು, ಎಲ್ಲ ಬೇಕು. ‘ಈಕಿನ್ನ ಮದ್ಲ ಕಟ್ಟಿ ಹಾಕ್ರಿ’ ಎಂದು ಅವ್ವ ಹೇಳುವಳು, ಅಪ್ಪ ಬಿಗಿಯುವನು. ಒಂಬತ್ತನೇ ಇಯತ್ತೆಯ ಅಕ್ಕ ಶಾಂತಾ ಒಳ್ಳೆಯ ಹುಡುಗಿ, ಆಕೆಗೆ ಈ ಕಟ್ಟು ಇಲ್ಲ. ಹಿಂದಿನಿಂದ ಕೈ ಚಾಚಿ ನನ್ನ ಬಾಯಿಗೆ ಹುರಿದ ಶೇಂಗಾ ಹಾಕುತ್ತ ಚೇಷ್ಟೆ ಮಾಡುವಳು. ಊರು ಸಮೀಪಿಸಿದಾಗ ಯಾರಿಗೂ ಕಾಣದಂತೆ ನನ್ನ ಬೆಲ್ಟು ಬಿಚ್ಚುವವಳೂ ಅವಳೇ.

ಹಿಂದಿನ ಟೈರುಗಳು ಸವೆದಿವೆ, ಬದಲಿಸಿರಿ ಎಂದು ಗ್ಯಾರೇಜಿನವರು ಹೇಳಿದ್ದರು. ದಸರೆಯ ಖಂಡೆಪೂಜೆ ಕಳೆಯಲಿ ಎಂದ ಅಪ್ಪ. ಪೂಜೆ ಬಂತು. ಕಾರಿಗೆ ಸ್ನಾನ, ಚೆಂಡುಹೂವಿನ ಮಾಲೆ, ಊದಿನಕಡ್ಡಿ. ಅವೇ ಟೈರುಗಳಿಗೆ ಕುಂಕುಮ ಹಚ್ಚಿ, ಕೆಳಗೆ ಲಿಂಬೆಹಣ್ಣು ಇಟ್ಟು ಕಾರು ಹಾಯಿಸಿದೆವು. ಆಮೇಲೆ ದೀಪಾವಳಿ ಬರಲಿ ಎಂದ.

ಆ ವಾರವೇ ಶನಿವಾರ ತುಳಸಿಗೇರಿ ಹನುಮಪ್ಪನಿಗೆ ಹೋಗಿ, ಗುಡಿಯ ಹತ್ತಿರ ಬೇವಿನ ನೆರಳಿನಲ್ಲಿ ಶೇಂಗಾ ಹೋಳಿಗೆ ತಿಂದು ಮಧ್ಯಾಹ್ನ ಮನೆಯ ಕಡೆ ಹೊರಳಿದೆವು. ಬಿಚ್ಚು ಎಂದು ಬಾಗಲಕೋಟೆಯಿಂದಲೇ ನಾನು ಅಕ್ಕನ ಜೀವ ತಿನ್ನತೊಡಗಿದೆ.

‘ಹುನಗುಂದ ದಾಟ್ಲಿ, ಬಿಚ್ತೇನಿ’ ಎಂದಳು. ಅಷ್ಟರಲ್ಲಿ ಅವ್ವನ ತೊಡೆಯ ಮೇಲೆ ಮಲಗಿ ನಿದ್ದೆಹೋದಳು.

ಹುನಗುಂದ ದಾಟಿತು. ಸ್ವಲ್ಪ ದೂರದಲ್ಲೇ ಹಿಂದಿನ ಟೈರು ಒಡೆಯಿತು. ಕಾರು ಹೊಯ್ದಾಡಿ ರಸ್ತೆ ಬಿಟ್ಟು ಮರಕ್ಕೆ ಬಡಿಯಿತು. ಬೆಲ್ಟು ನನ್ನ ಹೆಗಲನ್ನು ಕೊಯ್ದು ಹಿಡಿದು ನಿಲ್ಲಿಸಿತು. ಅಪ್ಪನ ಪಕ್ಕೆಲುಬು, ಅವ್ವನ ಕೈ ಮುರಿದವು. ಮಲಗಿದ್ದ ಅಕ್ಕ ಎರಡು ಸೀಟುಗಳ ನಡುವಿನಿಂದ ಮುಂದೆ ಹಾರಿ ಗಾಜಿಗೆ ಬಡಿದಳು. ದವಾಖಾನೆ ತಲುಪುವ ಮೊದಲೇ ತೀರಿಕೊಂಡಳು.

ಕಾರು ಠಾಣೆಯ ಅಂಗಳದಲ್ಲಿತ್ತು. ಕೈಯ ಪ್ಲಾಸ್ಟರ್ ಬಿಚ್ಚಿದ ಮೇಲೆ ಅವ್ವ ಕತ್ತರಿ ತೆಗೆದುಕೊಂಡು ನಮ್ಮೊಡನೆ ಅಲ್ಲಿಗೆ ಬಂದಳು. ಹಿಂದಿನ ಸೀಟಿನಲ್ಲಿ ಕೂತು ತನ್ನ ಹೊಲಿಗೆ ತಾನೇ ಬಿಚ್ಚತೊಡಗಿದಳು. ಗಟ್ಟಿ ಹೊಲಿಗೆ, ಭಾಳ ಹೊತ್ತು ಹಿಡಿಯಿತು. ಸಂದಿಯಿಂದ ಬಕಲ್ ತೆಗೆದಳು. ಅದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಮಗ್ಗುಲಿನ ಪಟ್ಟಿ ಎಳೆದು ಸಿಕ್ಕಿಸಿದಳು. ಖಟ್ ಅಂದಿತು.

‘ಇಷ್ಟ ಇತ್ತಲ್ರಿ’ ಎಂದಳು ಅಪ್ಪನಿಗೆ.

ಅಪ್ಪ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಅವರಿಬ್ಬರೂ ಆಮೇಲೆ ಮನೆಯಲ್ಲಿ ಅಗತ್ಯವಿದ್ದಷ್ಟೇ ಮಾತಾಡಿದರು, ಕೊನೆಯವರೆಗೂ.

ಈಗ ಓಣಿಯ ತುಂಬ ಕಾರುಗಳು. ಎಲ್ಲಕ್ಕೂ ಚೆಂದದ ಕವರು, ಕೆಳಗೆ ಬಕಲ್‌ಗಳ ಗೋರಿ. ಮೊನ್ನೆ ಸೋದರಮಾವನ ಮಗನ ಹೊಸ ಕಾರಿನ ಹಿಂದಿನ ಸೀಟಿನಲ್ಲಿ ಕೈ ಹಾಕಿ ಹುಡುಕಿದೆ. ‘ಹಿಂದ ಯಾರ್ ಹಾಕ್ತಾರ ಬಿಡ ಅಕ್ಕ, ಕವರ್ ಕೆಡ್ತೈತಿ’ ಎಂದ. ನಾನು ಶಾಂತಾಳ ಕಥೆಯನ್ನು ಮತ್ತೆ ಹೇಳಿದೆ. ಪಾಪ ಎಂದು ಲೊಚಗುಟ್ಟಿ, ತನ್ನ ಇಬ್ಬರು ಮಕ್ಕಳನ್ನು ನನ್ನ ಮಗ್ಗುಲಿಗೆ ಹಾಗೆಯೇ ಕೂಡಿಸಿ ಕಾರು ಹೊರಡಿಸಿದ. ಯಾರಿಗೂ ಹೇಳಿ ಪ್ರಯೋಜನವಿಲ್ಲ ಎಂದು ನನಗೆ ಈಗ ಖಾತ್ರಿಯಾಗಿದೆ. ಆ ಮಕ್ಕಳನ್ನು ದಾರಿಯುದ್ದಕ್ಕೂ ನನ್ನ ಎರಡೂ ತೋಳುಗಳಿಂದ ಹಿಡಿದುಕೊಂಡೆ, ತೋಳುಗಳಿಂದ ಏನೂ ಆಗುವುದಿಲ್ಲವೆಂದು ಗೊತ್ತಿದ್ದೂ.

ನಾನು ಓಡಿಸುವಾಗ ಬೆಲ್ಟು ಹಾಕದೆ ಚಾವಿ ತಿರುಗಿಸುವುದಿಲ್ಲ. ಹುನಗುಂದ ದಾಟುತ್ತಲೇ ಹೆಗಲ ಹತ್ತಿರ ಒಂದು ಕೈ ಬರಬೇಕಿತ್ತು ಅನ್ನಿಸುತ್ತದೆ. ಇಳಕಲ್ ಬರುತ್ತದೆ, ನನ್ನ ಬೆಲ್ಟನ್ನು ನಾನೇ ಬಿಚ್ಚಿಕೊಳ್ಳುತ್ತೇನೆ.