ಹೆಂಡತಿಗೆ ಒಗ್ಗದ ನೀಲಿ ಔಷಧ

ಮುನವಳ್ಳಿಯ ಸಾಲೆಯಲ್ಲಿ ನಾನು ಮಾಸ್ತರನಾಗಿದ್ದಾಗ ನನ್ನ ಹೆಂಡತಿಯ ಹಿಮ್ಮಡಿಗೆ ಜಾಲಿಮುಳ್ಳು ನಟ್ಟಿತು. ಮೇಲಿನ ತುಂಡನ್ನು ಅವಳೇ ಕಿತ್ತಳು. ಮುರಿದದ್ದು ಒಳಗೇ ಉಳಿಯಿತು. ಗಾಯ ಮಾಯ್ದಂತೆ ಕಂಡು ಮತ್ತೆ ಬಾಯಿಬಿಡುತ್ತಿತ್ತು, ಕೀವು ಸೋರುತ್ತಿತ್ತು. ನೇಸರಗಿಯಿಂದ ಅವಳ ತಾಯಿ ಬಂದು ಬೇವಿನ ಸೊಪ್ಪು ಅರೆದು ಕಟ್ಟಿದರೂ ಬಗ್ಗಲಿಲ್ಲ. ಕೊನೆಗೆ ಚಕ್ಕಡಿ ಹೂಡಿಕೊಂಡು ದೂರದ ದವಾಖಾನೆಗೆ ಹೋದೆವು.

ಡಾಕ್ಟರರು ನಮ್ಮ ಕಡೆಯವರೇ, ಮೆಲುಮಾತಿನವರು. ಕೀವಿನ ದಾರಿ ಒಳಗೆ ಎಲ್ಲೆಲ್ಲಿ ಹೋಗಿದೆಯೋ ತಿಳಿಯಲು ಗಾಯದ ಬಾಯಿಗೆ ನೀಲಿ ಬಣ್ಣದ ಔಷಧ ಬಿಡುತ್ತೇವೆ, ಬಣ್ಣ ಹತ್ತಿದಷ್ಟನ್ನೂ ಕೊಯ್ದು ತೆಗೆಯುತ್ತೇವೆ ಎಂದು ಬಿಡಿಸಿ ಹೇಳಿದರು. ನಾನು ಹತ್ತಿರವಿದ್ದರೆ ಮಾತ್ರ ಮಲಗುತ್ತೇನೆಂದು ಹೆಂಡತಿ ಹಟ ಹಿಡಿದಳು. ಹಾಗಾಗಿ ನನ್ನನ್ನು ಅವಳ ತಲೆಯ ಬಳಿ ನಿಲ್ಲಿಸಿಕೊಂಡರು. ಕಾಲು ಮರಗಟ್ಟಲು ಸೂಜಿ ಹಾಕಿದರು. ಹಿಂದೊಮ್ಮೆ ಊರಲ್ಲೇ ಗಾಯ ಬಿಡಿಸಿದಾಗ ಹಾಕಿದ್ದೂ ಅದನ್ನೇ, ಆಗ ಅವಳಿಗೆ ಏನೂ ಆಗಿರಲಿಲ್ಲ. ಆಮೇಲೆ ನೀಲಿ ಔಷಧ ಬಿಟ್ಟು ಕೊಯ್ಯತೊಡಗಿದರು.

ಸ್ವಲ್ಪ ಹೊತ್ತಿಗೆ ಅವಳು, “ಅಂಗೈ ಕಡ್ಯಾಕ ಹತ್ಯಾವ್ರಿ,” ಅಂದಳು.

ಹೆದರಿಕೆಗೆ ತುರಿಸುತ್ತಿರಬೇಕೆಂದು ಅಂಗೈ ತಿಕ್ಕಿದೆ. ತಿಕ್ಕುತ್ತಿದ್ದಂತೆಯೇ ಮುಂಗೈ ಮೇಲೆ ಕೆಂಪು ದದ್ದುಗಳೆದ್ದು ಕೊರಳಿಗೆ ಏರಿದವು. ತುಟಿ ಬಾತಿತು, ಕಣ್ಣು ಮುಚ್ಚಿಹೋದವು. ಏನೋ ಹೇಳಲು ಬಾಯಿ ತೆರೆದಳು; ಉಸಿರು ಸಿಳ್ಳಿನಂತೆ ಬಂತೇ ಹೊರತು ಮಾತು ಬರಲಿಲ್ಲ. ನನ್ನ ಕೈ ಹಿಡಿದಿದ್ದ ಬೆರಳುಗಳು ಸಡಿಲಾದವು. ಡಾಕ್ಟರರು ಕತ್ತಿ ಬಿಟ್ಟು ನಾಡಿ ಹುಡುಕಿದರು, ಸಿಗಲಿಲ್ಲ. ತೋಳಿಗೆ ಒಂದು ಸೂಜಿ ಚುಚ್ಚಿದರು, ಮತ್ತೊಂದು ಚುಚ್ಚಿದರು. ನನಗೆ ಮಾಡಲು ಏನೂ ಇರಲಿಲ್ಲ. ನಾಲ್ಕು ಜನರೆದುರು ಎಂದೂ ಹೆಂಡತಿಯ ಹೆಸರು ಹಿಡಿಯದವನು ಅಲ್ಲಿ ನಿಂತು ಅವಳನ್ನು ಹೆಸರಿನಿಂದ ಕರೆಯುತ್ತಲೇ ಇದ್ದೆ. ಕೇಳಿತೋ ಇಲ್ಲವೋ.

ನಿಧಾನವಾಗಿ ಉಸಿರು ಮರಳಿತು. ಕೊಯ್ದಷ್ಟಕ್ಕೇ ಪಟ್ಟಿ ಕಟ್ಟಿ ಡಾಕ್ಟರರು ನನ್ನನ್ನು ಹೊರಗಿನ ಕಟ್ಟೆಯ ಮೇಲೆ ಕೂಡಿಸಿದರು. ಆ ಬಣ್ಣ ಅವಳ ಮೈಗೆ ಒಗ್ಗಿಲ್ಲ, ಯಾಕೆಂದು ತಮಗೂ ಗೊತ್ತಿಲ್ಲ ಎಂದರು. ಹಾಗಾದರೆ ಮುಂದೇನೆಂದು ಕೇಳಿದೆ.

“ಬಣ್ಣ ಬಿಡದ ಕೊಯ್ದ್ರ ಒಳಗಿನ ದಾರಿ ಕಾಣೂದಿಲ್ರಿ ಮಾಸ್ತರ. ಬಣ್ಣ ಬಿಟ್ರ ಆಕಿ ಉಳಿಯೂದಿಲ್ಲ.”

ವರ್ಷದೊಪ್ಪತ್ತಿಗೆ ಬಣ್ಣವಿಲ್ಲದೆಯೇ ಒಮ್ಮೆ ಕೊಯ್ದು ನೋಡಿದರು. ಮುಳ್ಳಿನ ಚೂರೊಂದು ಸಿಕ್ಕಿತು. ಗಾಯ ಮಾತ್ರ ಮತ್ತೆ ಬಾಯಿಬಿಟ್ಟಿತು. ಇನ್ನು ಸಾಕು ಎಂದಳು. ದಿನಾ ಮುಂಜಾನೆ ಸಾಲೆಗೆ ಹೋಗುವ ಮೊದಲು ಬಿಸಿನೀರಿನಲ್ಲಿ ಅವಳ ಹಿಮ್ಮಡಿ ತೊಳೆದು, ಹಳೆಯ ಧೋತರ ಹರಿದು ಕಟ್ಟುತ್ತಿದ್ದೆ. ನಾನು ಮನೆಗೆ ಬರುವಷ್ಟರಲ್ಲಿ ಅದು ಒದ್ದೆಯಾಗಿರುತ್ತಿತ್ತು.