ಎರಡು ತಲೆಯ ಸೂಕ್ಷ್ಮದರ್ಶಕ

ಬಿತ್ತನೆ ಮೊಟ್ಟೆಗೆಂದು ರೇಷ್ಮೆ ಗೂಡು ಬೆಳೆಯುವವರಿಗೆ ನನ್ನ ಮುಖ ಕಂಡರಾಗುತ್ತಿರಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಪಾಂಡವಪುರದ ರೇಷ್ಮೆ ಮೊಟ್ಟೆ ಕೇಂದ್ರದಲ್ಲಿ ನನ್ನ ಕೆಲಸ ಇಷ್ಟೇ: ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು, ಒಂದು ತೊಟ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು. ತಾಯಿಯಿಂದ ಮರಿಗೆ ಅಂಟುವ ಗಂಟುರೋಗದ ಕಣ ಕಂಡರೆ ಆ ಮೊಟ್ಟೆಗಳಿಗೆಲ್ಲ ಬೆಂಕಿ, ಗೂಡು ಕೊಟ್ಟ ರೈತನಿಗೆ ನಷ್ಟ. ರೋಗ ಕಾಣುತ್ತಿದ್ದುದು ನನಗೊಬ್ಬನಿಗೆ, ಬೆಂಕಿ ಕಾಣುತ್ತಿದ್ದುದು ಊರಿಗೆಲ್ಲ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿದ್ದರೂ ಜನ ನಿಂತೇ ಬರುತ್ತಿದ್ದರು. ಒಂಟಿಯಾಗಿದ್ದ ನನಗೆ ಆ ರೈತರ ಜೊತೆಗಿನ ಮಾತೇ ಮಾತು. ಅದೂ ನಿಂತುಹೋಗಿತ್ತು.

ಆಗ ನಮಗೂ, ಕೆ.ಆರ್. ಪೇಟೆ, ನಾಗಮಂಗಲದ ಕೇಂದ್ರಗಳಿಗೂ ಸೇರಿ ಒಂದು ಒಳ್ಳೆಯ ಸೂಕ್ಷ್ಮದರ್ಶಕ ಕೊಳ್ಳುವುದೆಂದಾಯಿತು. ಆರಿಸಲು ಶ್ರೀರಂಗಪಟ್ಟಣದಲ್ಲಿ ಸಭೆ. ನಮ್ಮ ಇಲಾಖೆಯ ಸಾಹೇಬರ ಕಣ್ಣು, ಮಾರಲು ಬಂದ ಕಂಪನಿಯವನು ತಂದಿದ್ದ ಒಂದು ಚಿತ್ರದ ಮೇಲೆ: ತೂತುಗಳ ತಟ್ಟೆಯೊಂದು ಗಿರ್ರನೆ ತಿರುಗುತ್ತ, ಜೀವಕೋಶವನ್ನು ಪದರಪದರವಾಗಿ ಟೀವಿಯಲ್ಲಿ ತೋರಿಸುವ ಕಾನ್ಫೋಕಲ್ ಯಂತ್ರ. ನಮ್ಮ ಕರೆಂಟಿಗೆ ಫ್ಯಾನೇ ಸರಿಯಾಗಿ ತಿರುಗುತ್ತಿರಲಿಲ್ಲ, ಇನ್ನು ಆ ತಟ್ಟೆ! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ನನ್ನ ಹಟವೇ ಬೇರೆ. ಒಂದೇ ತೊಟ್ಟನ್ನು ಇಬ್ಬರು ಎದುರುಬದುರು ಕೂತು ನೋಡಬಹುದಾದ, ಎರಡು ತಲೆಯ ಸಾದಾ ಸೂಕ್ಷ್ಮದರ್ಶಕ ಬೇಕೆಂದೆ.

"ನೋಡೋನು ನೀನೊಬ್ಬ ಕಣಯ್ಯ, ಇನ್ನೊಂದು ತಲೆ ಯಾಕೆ?" ಎಂದರು ಸಾಹೇಬರು.

"ರೈತರೂ ನೋಡ್ಲಿ ಸಾರ್. ಆಮೇಲಾದ್ರೂ ನಂಬ್ತಾರೆ."

ನನಗೆ ಬೇಕಿದ್ದುದು ನಂಬಿಕೆಯೊಂದೇ ಅಲ್ಲ, ಎದುರಿಗೊಂದು ನರಪಿಳ್ಳೆ. ಅದನ್ನು ಸಭೆಯಲ್ಲಿ ಹೇಳುವುದಾದರೂ ಹೇಗೆ? ಮಿಕ್ಕ ಎರಡು ಕೇಂದ್ರದವರದೂ ನನ್ನದೇ ಪಾಡು; ಅವರು ನನ್ನ ಕಡೆ ವಾಲಿದರು. ಸಾಹೇಬರು ಗೊಣಗುತ್ತಲೇ ಒಪ್ಪಿದರು.

ಅದು ಸರದಿಯಲ್ಲಿ ನಮ್ಮ ಕೇಂದ್ರಕ್ಕೆ ಬಂದ ಮೊದಲ ವಾರವೇ ಮೇಲುಕೋಟೆ ಕಡೆಯ ಹಿರಿಯ ರೈತರೊಬ್ಬರ ಗೂಡಿನ ಚಿಟ್ಟೆಯಲ್ಲಿ ರೋಗ ಕಂಡಿತು. ಮೊಟ್ಟೆ ಸುಟ್ಟದ್ದು ತಿಳಿದು ಅವರು ಜಗಳಕ್ಕೆಂದೇ ಬಂದಿದ್ದರು. ಉಳಿಸಿಕೊಂಡಿದ್ದ ತೊಟ್ಟನ್ನು ಇಟ್ಟು ಅವರನ್ನು ಎದುರು ಕೂರಿಸಿಕೊಂಡೆ. ಬಹಳ ಹೊತ್ತು ನೋಡಿದರು. ಅವರ ಉಸಿರು ನನ್ನ ಹಣೆಗೆ ತಾಗುತ್ತಿತ್ತು. ನನಗೆ ಒಳಗೊಳಗೇ ಹಿಗ್ಗು.

"ಕಂಡ್ವಾ ಯಜಮಾನ್ರೇ?"

"ಕಂಡೊ ಸ್ವಾಮಿ. ಅಕ್ಕಿ ನುಚ್ಚಂಗೆ ಒಳೀತಾವೆ. ನೀವ್ ಯೋಳಿದ್ದು ದಿಟ." ಅವರು ಟವಲಿನಿಂದ ಕಣ್ಣೊರೆಸಿಕೊಂಡರು.

ಫ್ಲಾಸ್ಕಿನಿಂದ ಲೋಟಕ್ಕೆ ಕಾಫಿ ಬಗ್ಗಿಸಿ ಅವರತ್ತ ಚಾಚಿದೆ.

ಅವರು ಎದ್ದು ನಿಂತರು. "ತಪ್ಪು ನಿಮ್ದಲ್ಲ ಬುಡಿ. ಆದ್ರೆ ನನ್ ಮೊಟ್ಟೆ ಸುಟ್ಟ ಕೈಲಿ ಕಾಪಿ ಎಂಗ್ ಈಸ್ಕೊಳ್ಲಿ ಸ್ವಾಮಿ?"